ಕೋಶಕೃಷಿಯಲ್ಲಿ ರಕ್ತೋತ್ಪತ್ತಿಯ ದೋಷಗಳನ್ನು ಅಧ್ಯಯನ ಮಾಡುವ ಬಗೆ: ಕೊಡಗಿನ ಪ್ರಯೋಗಾಲಯಗಳಿಗೊಂದು ಕೈಪಿಡಿ

ರಕ್ತೋತ್ಪತ್ತಿಯ ದೋಷಗಳ ಮೇಲೆ ಕೆಲಸ ಮಾಡಬೇಕೆಂದು ಬರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೇಳುವುದು, ರಕ್ತಕ್ಯಾನ್ಸರ್ ರೋಗಿಯಿಂದ ಬಂದ ಕೆ-562 ಎಂಬ ಕೋಶಗಳು ಎಲ್ಲಿ ಸಿಗುತ್ತವೆ ಎಂದು. ಅದಕ್ಕೆ ಉತ್ತರ ಸುಲಭ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ದೇಶದ ಕೋಶಭಂಡಾರವಿದ್ದು, ಸಂಸ್ಥೆಯ ಮೂಲಕ ಕೋರಿಕೆ ಕಳಿಸಿ ಅಲ್ಲಿಂದ ತರಿಸಿಕೊಳ್ಳಬಹುದು. ಆದರೆ ಅದು ಎರಡನೆಯ ಪ್ರಶ್ನೆ. ನಾವು ಅಧ್ಯಯನ ಮಾಡಹೊರಟಿರುವ ದೋಷ ರಕ್ತಕಣದ ಬದುಕಿನ ಯಾವ ಹಂತದಲ್ಲಿ ತಲೆದೋರುತ್ತದೆ, ಆರಿಸಿಕೊಂಡ ಕೋಶ ಆ ಹಂತವನ್ನು ನಿಜವಾಗಿಯೂ ಹಾದುಹೋಗುತ್ತದೆಯೇ ಎಂಬುದು ಮೊದಲನೆಯದು. ತಾನು ಮಾಡದ ಕೆಲಸದ ಬಗ್ಗೆ ಕೋಶ ಏನನ್ನೂ ಹೇಳಲಾರದು. ಹಾಗಿದ್ದರೂ ಅಳೆದಾಗಲೆಲ್ಲ ಒಂದು ಸಂಖ್ಯೆಯನ್ನಂತೂ ಕೊಡುತ್ತದೆ, ಆ ಸಂಖ್ಯೆಯನ್ನು ನಂಬಿ ಆರು ತಿಂಗಳು ಕಳೆದವರನ್ನು ನಾನು ಕಂಡಿದ್ದೇನೆ.

ಕೊಡಗಿನಲ್ಲಿ ಕುಳಿತು ಈ ವಿಷಯಕ್ಕೆ ಕೈಹಾಕಲು ಕಾರಣವೂ ಇದೆ. ಭಾರತದಲ್ಲಿ ಕುಡುಗೋಲು ಕಣದ ಲಕ್ಷಣ, ಅಂದರೆ ಈಗ ಆಸ್ಪತ್ರೆಗಳಲ್ಲಿ ಎಲ್ಲರೂ ಸಿಕಲ್ ಸೆಲ್ ಎನ್ನುವುದು, ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಆದಿವಾಸಿಗಳಲ್ಲಿ. ನೀಲಗಿರಿ, ವಯನಾಡು, ಕೊಡಗುಗಳ ಕಾಡಂಚಿನ ಹಾಡಿಗಳಿಗೆ ಅದು ಹೊಸ ರೋಗವಲ್ಲ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವು 2047ರ ಗುರಿಯಿಟ್ಟುಕೊಂಡು ದೇಶದ ಆದಿವಾಸಿ ಪ್ರದೇಶಗಳಲ್ಲಿ ತಪಾಸಣೆ ನಡೆಸುತ್ತಿದೆ. ತಪಾಸಣೆ ರೋಗವನ್ನು ಗುರುತಿಸುತ್ತದೆ. ಜೀನಿನಲ್ಲಿ ಒಂದೇ ಬಗೆಯ ರೂಪಾಂತರ (ಮ್ಯುಟೇಶನ್) ಇದ್ದರೂ ಒಬ್ಬರಿಗೆ ತಿಂಗಳಿಗೊಮ್ಮೆ ನೋವು ಕಾಣಿಸಿಕೊಂಡು ಇನ್ನೊಬ್ಬರು ನಿಶ್ಚಿಂತೆಯಿಂದ ತೋಟದ ಕೆಲಸಕ್ಕೆ ಹೋಗುವುದೇಕೆ ಎಂಬಂಥ ಪ್ರಶ್ನೆಗಳಿಗೆ ಮಾತ್ರ ಕೋಶಗಳನ್ನು ಬೆಳೆಸಿಯೇ ನೋಡಬೇಕಾಗುತ್ತದೆ.

ಯಾವ ಕೋಶ, ಯಾವ ಪ್ರಶ್ನೆಗೆ

ವಯಸ್ಕರ ಮೂಳೆ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಎಲ್ಲ ರಕ್ತಕಣಗಳಿಗೂ ಮೂಲವಾದ ಕಾಂಡಕೋಶದಿಂದ ಹೊರಟ ದಾರಿ ಹಲವು ಕವಲುಗಳಾಗಿ ಒಡೆದು, ಕೆಂಪು ಕಣದ ಕವಲಿನಲ್ಲಿ ಮೊದಲು ಬಿಎಫ್‌ಯು-ಇ, ಆಮೇಲೆ ಸಿಎಫ್‌ಯು-ಇ ಎಂಬ ಪೂರ್ವಜ ಕೋಶಗಳು, ಅನಂತರ ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದಾದ ಎರಿತ್ರೋಬ್ಲಾಸ್ಟ್‌ಗಳು, ಕೊನೆಗೆ ಕೋಶಕೇಂದ್ರವನ್ನು ಹೊರಹಾಕಿದ ರೆಟಿಕ್ಯುಲೊಸೈಟ್ ಬರುತ್ತವೆ. ಒಂದೊಂದು ರೋಗ ಈ ದಾರಿಯ ಒಂದೊಂದು ತಿರುವಿನಲ್ಲಿ ಕಾದಿರುತ್ತದೆ. ಡೈಮಂಡ್-ಬ್ಲ್ಯಾಕ್‌ಫ್ಯಾನ್ ರಕ್ತಹೀನತೆಯಲ್ಲಿ ತೊಡಕು ಆರಂಭದ ಪೂರ್ವಜ ಕೋಶಗಳಲ್ಲೇ ಇದೆ. ಬೀಟಾ ಥಲಸ್ಸೇಮಿಯಾದಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ (ಬೀಟಾ ಗ್ಲೋಬಿನ್) ಸಾಲದೆ, ಜೊತೆ ಸಿಗದ ಆಲ್ಫಾ ಸರಪಳಿಗಳು ಗರಣೆಗಟ್ಟಿ, ಎರಿತ್ರೋಬ್ಲಾಸ್ಟ್‌ಗಳು ಪಕ್ವವಾಗುವ ಮೊದಲೇ ಮಜ್ಜೆಯಲ್ಲಿ ಸಾಯುತ್ತವೆ. ಸಿಕಲ್ ಸೆಲ್‌ನಲ್ಲಿ ಉತ್ಪಾದನೆ ನಡೆಯುತ್ತದೆ. ಬೀಟಾ ಗ್ಲೋಬಿನ್‌ನ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕುಳಿತಿರುವುದರಿಂದ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಒಂದಕ್ಕೊಂದು ಹೆಣೆದುಕೊಂಡು ಪಕ್ವ ಕಣವನ್ನೇ ಬಾಗಿಸುತ್ತದೆ.

ಈ ಹಿನ್ನೆಲೆಯಲ್ಲಿ ಕೆ-562 ಕೋಶವನ್ನು ನೋಡೋಣ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ಕೊನೆಯ ಹಂತದಲ್ಲಿದ್ದ 53 ವರ್ಷದ ಮಹಿಳೆಯಿಂದ 1970ರ ಹೊತ್ತಿಗೆ ಬೇರ್ಪಡಿಸಲಾದ ಈ ಕೋಶಸಾಲು (ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಯುವ ಕೋಶಗಳ ವಂಶ) ಸಾಧು ಸ್ವಭಾವದ್ದು. ಹೊಸಬರ ಕೈಯಲ್ಲೂ ಬೆಳೆಯುತ್ತದೆ. ಅದು ಭ್ರೂಣದ ಮತ್ತು ಗರ್ಭಸ್ಥ ಶಿಶುವಿನ ಗ್ಲೋಬಿನ್‌ಗಳನ್ನು ತಯಾರಿಸುತ್ತದೆಯೇ ಹೊರತು ವಯಸ್ಕರ ಬೀಟಾ ಗ್ಲೋಬಿನ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಗರ್ಭಸ್ಥ ಶಿಶುವಿನ ಗ್ಲೋಬಿನ್ ಆದ ಗಾಮಾ ಗ್ಲೋಬಿನ್ ಹೆಚ್ಚಿಸುವ ಔಷಧಿಯನ್ನು ಹುಡುಕುವವರಿಗೆ ಅದು ಸರಿಯಾದ ಮೊದಲ ಜರಡಿ, ಆದರೆ ಬೀಟಾ ಗ್ಲೋಬಿನ್ ಕುರಿತ ಪ್ರಶ್ನೆಗೆ ಅದು ಮೂಕ. ಇನ್ನೊಂದು ಕೊರತೆ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಕೆ-562ರಲ್ಲಿ ಪಿ-53 ಎಂಬ ಕಾವಲು ಪ್ರೋಟೀನ್ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಡೈಮಂಡ್-ಬ್ಲ್ಯಾಕ್‌ಫ್ಯಾನ್ ರೋಗಕ್ಕೆ ಮೊದಲು ಗೊತ್ತಾದ ಜೀನ್ ಆರ್‌ಪಿಎಸ್-19. ಅದು ಪತ್ತೆಯಾದದ್ದು 1999ರಲ್ಲಿ. ಈ ಜೀನ್ ಕುಗ್ಗಿದಾಗ ರೈಬೊಸೋಮ್ ತಯಾರಿಕೆ ಏರುಪೇರಾಗಿ, ಪಿ-53 ಎಚ್ಚೆತ್ತು, ಕೋಶವಿಭಜನೆಯನ್ನು ತಡೆಯುತ್ತದೆ. ಕಾವಲುಗಾರನೇ ಇಲ್ಲದ ಮನೆಯಲ್ಲಿ ಕಾವಲಿನ ತಪ್ಪನ್ನು ಹುಡುಕುವುದು ಹೇಗೆ? ಎಚ್‌ಎಲ್-60 ಎಂಬ ಇನ್ನೊಂದು ಲ್ಯುಕೇಮಿಯಾ ಸಾಲಿನ ಕೋಶಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹ್ಯೂಡೆಪ್-2 ಎಂಬ ಸಾಲು ಬೀಟಾ ಗ್ಲೋಬಿನ್ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿದೆ. ಜಪಾನಿನ ವಿಜ್ಞಾನಿಗಳು ಹೊಕ್ಕುಳಬಳ್ಳಿಯ ರಕ್ತದಿಂದ ಅಭಿವೃದ್ಧಿಪಡಿಸಿ 2013ರಲ್ಲಿ ಪ್ರಕಟಿಸಿದ ಈ ಕೋಶಗಳು ಹೆಚ್ಚಾಗಿ ವಯಸ್ಕರ ಹಿಮೋಗ್ಲೋಬಿನ್ನನ್ನೇ ತಯಾರಿಸುತ್ತವೆ. ಗರ್ಭಸ್ಥ ಹಿಮೋಗ್ಲೋಬಿನ್ನನ್ನು ಅದುಮಿಡುವ ಬಿಸಿಎಲ್-11ಎ ಜೀನಿನ ವರ್ಧಕ ಭಾಗವನ್ನು 2015ರಲ್ಲಿ ಅಕ್ಷರ ಅಕ್ಷರವಾಗಿ ಕತ್ತರಿಸಿ ನೋಡಿದ್ದು ಈ ಕೋಶಗಳಲ್ಲೇ. ಅದೇ ಭಾಗವನ್ನು ತಿದ್ದುವ ಜೀನ್ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಮೊದಲ ಅನುಮತಿ ದೊರೆಯಿತು. ಬ್ರಿಸ್ಟಲ್‌ನಲ್ಲಿ ವಯಸ್ಕರ ಮಜ್ಜೆಯಿಂದ ಪಡೆದ ಬೆಲ್-ಎ ಸಾಲು 2017ರಲ್ಲಿ ಬಂತು. ಇವೆರಡನ್ನೂ ಅಮರಗೊಳಿಸಿದ್ದು ಪ್ಯಾಪಿಲೋಮಾ ವೈರಸ್ಸಿನ ಇ-6, ಇ-7 ಜೀನ್‌ಗಳಿಂದ. ಡಾಕ್ಸಿಸೈಕ್ಲಿನ್ ಕೊಟ್ಟಿರುವವರೆಗೆ ಆ ಜೀನ್‌ಗಳು ನಡೆಯುತ್ತವೆ, ಇ-6 ಪ್ರೋಟೀನ್ ಮಾಡುವ ಕೆಲಸ ಪಿ-53ನ್ನು ನಾಶಪಡಿಸುವುದು. ಸಿಕಲ್ ಸೆಲ್ ಪ್ರಶ್ನೆಗೆ ಇದರಿಂದ ಅಡ್ಡಿಯಿಲ್ಲ, ಡೈಮಂಡ್-ಬ್ಲ್ಯಾಕ್‌ಫ್ಯಾನ್ ಪ್ರಶ್ನೆಗೆ ಅಡ್ಡಿಯುಂಟು. ಅಂಥ ರೋಗಕ್ಕೆ ದಾನಿಗಳ ಅಥವಾ ರೋಗಿಗಳ ಸಿಡಿ-34 ಕೋಶಗಳನ್ನೇ (ಮೇಲ್ಮೈಯಲ್ಲಿ ಸಿಡಿ-34 ಎಂಬ ಗುರುತಿರುವ ಕಾಂಡಕೋಶ ಮತ್ತು ಪೂರ್ವಜ ಕೋಶಗಳನ್ನೇ) ಆಶ್ರಯಿಸಬೇಕು. ಚರ್ಮ ಅಥವಾ ರಕ್ತದ ಕೋಶವನ್ನು ಹಿಂದಿರುಗಿಸಿ ಪಡೆದ ಪ್ರೇರಿತ ಕಾಂಡಕೋಶಗಳು ಅಪರೂಪದ ರೋಗಗಳಿಗೆ ಆಕರ್ಷಕವೇ ಆದರೂ, ಅವುಗಳಿಂದ ಹುಟ್ಟುವ ಕೆಂಪು ಕಣಗಳು ಬಹುಮಟ್ಟಿಗೆ ಭ್ರೂಣದ ಮತ್ತು ಗರ್ಭಸ್ಥ ಗ್ಲೋಬಿನ್ ಹಂತದಲ್ಲೇ ನಿಲ್ಲುತ್ತವೆ. ಮೊದಲ ಪ್ರಾಜೆಕ್ಟಿಗೆ ಅವನ್ನು ನಾನು ಸೂಚಿಸುವುದಿಲ್ಲ.

ಎತ್ತರ, ಮಳೆ, ಕರೆಂಟ್

ಬೇರೆ ಊರಿನ ಕೈಪಿಡಿಗಳಲ್ಲಿ ಸಿಗದ ವಿಷಯ ಇದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಸಮುದ್ರಮಟ್ಟದ ಶೇ 87ರಷ್ಟು ಮಾತ್ರ. ಮೀಡಿಯಾದ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವದ, ಆಮ್ಲೀಯತೆಯನ್ನು ನಿರ್ಧರಿಸುವುದು ಇಂಗಾಲದ ಡೈಆಕ್ಸೈಡಿನ ಶೇಕಡಾ ಪಾಲಲ್ಲ, ಅದರ ಆಂಶಿಕ ಒತ್ತಡ. ಇನ್‌ಕ್ಯುಬೇಟರಿನಲ್ಲಿ ನಿಜವಾಗಿಯೂ ಶೇ 5 ಅನಿಲವಿದ್ದರೂ ಮಡಿಕೇರಿಯಲ್ಲಿ ಅದರ ಒತ್ತಡ ಮಂಗಳೂರಿನಲ್ಲಿ ಇರುವುದಕ್ಕಿಂತ ಕಡಿಮೆ. ಸಮುದ್ರಮಟ್ಟದ ಶೇ 5ಕ್ಕೆ ಸರಿಹೊಂದಬೇಕಾದರೆ ಮಡಿಕೇರಿಯಲ್ಲಿ ಸುಮಾರು ಶೇ 5.7, ಕುಶಾಲನಗರದ ಎತ್ತರದಲ್ಲಿ ಸುಮಾರು ಶೇ 5.5 ಬೇಕಾಗುತ್ತದೆ. ವ್ಯತ್ಯಾಸ ಪಿಎಚ್‌ನಲ್ಲಿ 0.06ರಷ್ಟೇ ಆದ್ದರಿಂದ ಕೆ-562 ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಬೈಕಾರ್ಬನೇಟ್ ಹೆಚ್ಚಿರುವ ಐಎಂಡಿಎಂ ಮೀಡಿಯಾದಲ್ಲಿ ಬೆಳೆಯುವ ಪ್ರಾಥಮಿಕ ಕೋಶಗಳ (ಮನುಷ್ಯರಿಂದ ನೇರವಾಗಿ ಪಡೆದವುಗಳ) ವಿಷಯದಲ್ಲಿ ಮಾತ್ರ ಇದನ್ನು ಉಪೇಕ್ಷಿಸಬಾರದು. ಸಂವೇದಕಗಳು ಬಗೆಬಗೆಯಾಗಿ ಅಳೆಯುವುದರಿಂದ, ಯಂತ್ರದ ಪರದೆ ತೋರಿಸುವ ಅಂಕಿಯನ್ನು ನಂಬಿ ಕೂರದೆ, ಕೋಶಗಳಿಲ್ಲದ ಮೀಡಿಯಾವನ್ನು ಒಂದು ರಾತ್ರಿ ಒಳಗಿಟ್ಟು ಬೆಳಿಗ್ಗೆ ಹೊರತೆಗೆದ ಕೂಡಲೇ ಪಿಎಚ್ ಅಳೆಯಿರಿ. 7.2ರಿಂದ 7.4ರೊಳಗೆ ಇದ್ದರೆ ಸರಿ.

ಒತ್ತಡದ ಹಬೆಯಿಂದ ಕ್ರಿಮಿಶುದ್ಧಗೊಳಿಸುವ ಆಟೊಕ್ಲೇವಿನ ಕತೆಯೂ ಇದೇ. ಗೇಜ್ 15 ಪೌಂಡ್ ತೋರಿಸಿದಾಗ ಸಮುದ್ರಮಟ್ಟದಲ್ಲಿ ಒಳಗಿನ ಉಷ್ಣತೆ 121 ಡಿಗ್ರಿ ಸೆಲ್ಸಿಯಸ್. ಮಡಿಕೇರಿಯಲ್ಲಿ ಅದೇ ಗೇಜ್ ಒತ್ತಡಕ್ಕೆ ಸುಮಾರು 119. ಬೆಟ್ಟದ ಮೇಲೆ ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುವುದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಒತ್ತಡಕ್ಕೆ ಬದಲಾಗಿ ಉಷ್ಣತಾಮಾಪಕವನ್ನು ನೋಡಿ ಸಮಯ ಎಣಿಸಲು ಆರಂಭಿಸಬೇಕು, ಇಲ್ಲವೇ ಒತ್ತಡವನ್ನು ಯಂತ್ರದ ಮಿತಿಯೊಳಗೆ 17 ಪೌಂಡಿನವರೆಗೆ ಏರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡ ತಿಂಗಳಲ್ಲಿ, ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಊರು ನಮ್ಮದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಪಿಪೆಟ್‌ಗಳು ಬಂದ ರಟ್ಟಿನ ಪೆಟ್ಟಿಗೆಯೊಂದನ್ನು ಜಾಗವಿಲ್ಲವೆಂದು ಇನ್‌ಕ್ಯುಬೇಟರಿನ ಮೇಲೆಯೇ ಇಟ್ಟಿದ್ದೆ. ಜುಲೈ ಮೂರನೆಯ ವಾರದಲ್ಲಿ, ಹದಿನಾಲ್ಕು ದಿನ ಕಾಯಬೇಕಾಗಿದ್ದ ಕಾಲೊನಿ ತಟ್ಟೆಗಳನ್ನು ಹನ್ನೊಂದನೆಯ ದಿನ ತೆರೆದು ನೋಡಿದಾಗ ಹನ್ನೆರಡರಲ್ಲಿ ಒಂಬತ್ತು ತಟ್ಟೆಗಳಲ್ಲಿ ಹತ್ತಿಯಂಥ ಬಿಳಿ ಎಳೆಗಳಿದ್ದವು. ಆ ಪೆಟ್ಟಿಗೆಯ ತಳ ಒದ್ದೆಯಾಗಿ ಕಪ್ಪಗಾಗಿತ್ತು. ಅಂದಿನಿಂದ ರಟ್ಟು, ಛತ್ರಿ, ಒದ್ದೆ ಜರ್ಕಿನ್, ಹೊರಗಿನ ಚಪ್ಪಲಿ ಇವು ಯಾವುವೂ ನನ್ನ ಕೋಶಕೃಷಿ ಕೋಣೆಯ ಹೊಸ್ತಿಲು ದಾಟಿಲ್ಲ. ಇನ್‌ಕ್ಯುಬೇಟರಿನ ನೀರಿನ ತಟ್ಟೆಗೆ ಕ್ರಿಮಿಶುದ್ಧ ಬಟ್ಟಿ ನೀರನ್ನೇ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಿಸಬೇಕು. ಬೂಷ್ಟು ಬಂದ ಫ್ಲಾಸ್ಕನ್ನು ಔಷಧಿ ಹಾಕಿ ಉಳಿಸಿಕೊಳ್ಳುವ ಆಸೆ ಬೇಡ. ಮುಚ್ಚಳ ತೆರೆಯದೆ ಹಾಗೆಯೇ ಆಟೊಕ್ಲೇವಿಗೆ ಒಯ್ಯಿರಿ.

ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಜನರೇಟರ್ ಚಾಲೂ ಆಗುವ ತನಕ ಇನ್‌ಕ್ಯುಬೇಟರಿನ ಬಾಗಿಲನ್ನು ತೆರೆಯಲೇಬಾರದು. ಮುಚ್ಚಿದ ಬಾಗಿಲಿನ ಹಿಂದೆ ಶಾಖ ಸಾಕಷ್ಟು ಹೊತ್ತು ನಿಲ್ಲುತ್ತದೆ. ಅನಿಲದ ಕವಾಟ ಮಾತ್ರ ವಿದ್ಯುತ್ತಿಲ್ಲದೆ ತೆರೆಯುವುದಿಲ್ಲ. ಇಡೀ ರಾತ್ರಿ ಕರೆಂಟ್ ಬಾರದೆಂಬ ಸೂಚನೆ ಮೊದಲೇ ಇದ್ದರೆ, ರಂಧ್ರವಿಲ್ಲದ ಮುಚ್ಚಳದ ಫ್ಲಾಸ್ಕ್‌ಗಳನ್ನು ಒಳಗಿನ ಅನಿಲವಿರುವಾಗಲೇ ಬಿಗಿಯಾಗಿ ಮುಚ್ಚಿಡುವುದು ಜಾಣತನ.

ಕೆ-562ರಲ್ಲಿ ಕೈ ಪಳಗಿಸುವುದು

ಅಂತಿಮ ಪ್ರಶ್ನೆ ಯಾವುದೇ ಇರಲಿ, ಕೈ ಪಳಗಿಸಲು ಕೆ-562ರಷ್ಟು ಒಳ್ಳೆಯ ಕೋಶವಿಲ್ಲ. ಹೆಪ್ಪುಗಟ್ಟಿದ ಸೀಸೆಯನ್ನು 37 ಡಿಗ್ರಿಯ ನೀರಿನಲ್ಲಿ ಒಂದೆರಡು ನಿಮಿಷ ಕರಗಿಸಿ, ಒಳಗೆ ಸಣ್ಣ ಮಂಜಿನ ಚೂರು ಉಳಿದಿರುವಾಗಲೇ ಹೊರತೆಗೆದು, ಶೇ 10 ಸೀರಮ್ ಇರುವ ಆರ್‌ಪಿಎಂಐ-1640 ಮೀಡಿಯಾಕ್ಕೆ ಹನಿಹನಿಯಾಗಿ ಸೇರಿಸಿ, ನಿಧಾನ ವೇಗದ ಸೆಂಟ್ರಿಫ್ಯೂಜಿನಿಂದ, ಹೆಪ್ಪುಗಟ್ಟಿಸುವಾಗ ಕೋಶಗಳ ರಕ್ಷಣೆಗೆ ಹಾಕಿದ್ದ ಡಿಎಂಎಸ್‌ಓವನ್ನು ತೆಗೆಯಬೇಕು. ಕರಗಿಸುವುದು ಬೇಗ, ಸೇರಿಸುವುದು ನಿಧಾನ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ತೇಲುತ್ತಾ ಬೆಳೆಯುವ ಕೋಶಗಳಾದ್ದರಿಂದ, ಅಂಟಿದ ಕೋಶಗಳನ್ನು ಬಿಡಿಸುವ ಟ್ರಿಪ್ಸಿನ್ ಬೇಡ. ಒಂದು ಮಿಲಿಲೀಟರಿಗೆ 1 ಲಕ್ಷಕ್ಕಿಂತ ಕೆಳಗೆ ಇಳಿಯದಂತೆ, 10 ಲಕ್ಷ ದಾಟದಂತೆ ಕಾಯ್ದುಕೊಂಡರೆ ಅವು ದಿನಕ್ಕೊಂದು ಬಾರಿಯಂತೆ ದ್ವಿಗುಣಗೊಳ್ಳುತ್ತವೆ. ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದಾಗ ಬದುಕಿರುವ ಕೋಶಗಳು ಶೇ 90ಕ್ಕಿಂತ ಕಡಿಮೆಯಿದ್ದ ದಿನ ಪ್ರಯೋಗ ಹೂಡಬೇಡಿ.

ಕೋಶಗಳು ಬಂದ ಮೊದಲ ವಾರದಲ್ಲಿಯೇ ಮೈಕೋಪ್ಲಾಸ್ಮಾ ಪರೀಕ್ಷೆಯನ್ನು ಪಿಸಿಆರ್ ವಿಧಾನದಿಂದ ಮಾಡಿಸಿ. ಈ ಬ್ಯಾಕ್ಟೀರಿಯಾ ಮೀಡಿಯಾವನ್ನು ಕದಡುವುದಿಲ್ಲ, 0.22 ಮೈಕ್ರಾನ್ ಶೋಧಕದ ಮೂಲಕವೂ ನುಸುಳುತ್ತದೆ, ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ನಿಗೆ ಜಗ್ಗುವುದೂ ಇಲ್ಲ. ಕೋಶದ ಆಹಾರವನ್ನು ಕದ್ದು ತಿನ್ನುತ್ತಾ ಜೀನ್‌ಗಳ ನಡವಳಿಕೆಯನ್ನೇ ಬದಲಿಸುವ ಇದು ಒಳಗಿರುವಾಗ ದೊರೆತ ಯಾವ ಫಲಿತಾಂಶವನ್ನೂ ಬರೆದಿಡಲು ಬರುವುದಿಲ್ಲ. ಇನ್ನೊಬ್ಬರ ಫ್ಲಾಸ್ಕಿನಿಂದ ‘ಸ್ವಲ್ಪ ಕೋಶ’ ಎರವಲು ತಂದಿದ್ದರಂತೂ ಡಿಎನ್‌ಎ ಗುರುತಿನ ಪರೀಕ್ಷೆಯೂ ಬೇಕು. ಸಾಲುಗಳು ಒಂದರೊಳಗೊಂದು ಬೆರೆತುಹೋದ ಉದಾಹರಣೆಗಳು ಕೋಶಕೃಷಿಯ ಇತಿಹಾಸದ ತುಂಬ ಇವೆ.

ಹೀಮಿನ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗವಾದ ಹೀಮ್‌ನ ಒಂದು ರೂಪ) ಕೊಟ್ಟು ಹಿಮೋಗ್ಲೋಬಿನ್ ತಯಾರಿಕೆಯನ್ನು ಪ್ರಚೋದಿಸುವುದು ಈ ಕೋಶದ ಹಳೆಯ ಪ್ರಯೋಗ. 30ರಿಂದ 50 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಮೂರು ನಾಲ್ಕು ದಿನ ಇಟ್ಟು, ಬೆಂಜಿಡೀನ್ ಬಣ್ಣದಿಂದ ನೀಲಿಯಾದ ಕೋಶಗಳನ್ನು ಎಣಿಸುತ್ತಾರೆ. ಇಲ್ಲಿ ಒಂದು ಬಲೆಯಿದೆ. ಹೀಮಿನ್ ತಾನೇ ಕಂದು ಬಣ್ಣದ್ದು, ಬೆಂಜಿಡೀನನ್ನು ನೀಲಿಯಾಗಿಸುವ ಗುಣವೂ ಅದಕ್ಕಿದೆ. ಸೆಂಟ್ರಿಫ್ಯೂಜ್ ನಳಿಗೆಯ ತಳದಲ್ಲಿ ಕೆಂಗಂದು ಗುಳಿಗೆ ಕಂಡು ಸಂಭ್ರಮಿಸುವ ಮೊದಲು, ನಾವೇ ಹಾಕಿದ್ದನ್ನು ನಾವೇ ಅಳೆಯುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕೋಶಗಳನ್ನು ಎರಡು ಮೂರು ಬಾರಿ ತೊಳೆದು, ಗಾಮಾ ಗ್ಲೋಬಿನ್‌ನ ಆರ್‌ಎನ್‌ಎಯನ್ನು ಬೇರೆಯಾಗಿ ಅಳೆದು, ಹೀಮಿನ್ ಕೊಟ್ಟು ಕೆಲವೇ ನಿಮಿಷಗಳಲ್ಲಿ ತೊಳೆದ ಕೋಶಗಳನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಬೆಂಜಿಡೀನ್ ಕ್ಯಾನ್ಸರ್‌ಕಾರಕ, ಕೈಗವಸು ಮತ್ತು ಹೊಗೆಗೂಡು ಇಲ್ಲದೆ ಅದರ ಡಬ್ಬಿಯನ್ನು ತೆರೆಯಬೇಡಿ. ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ರೋಗಿಗಳಿಗೆ ಕೊಡುವ ಹೈಡ್ರಾಕ್ಸಿಯೂರಿಯಾವನ್ನು ಇದೇ ಕೋಶದಲ್ಲಿ ಪರೀಕ್ಷಿಸಬಹುದು, ಆದರೆ ಅದು ಕೋಶವಿಭಜನೆಯನ್ನು ತಡೆಯುವ ಔಷಧಿ. ಒಂದೊಂದು ಪ್ರಮಾಣಕ್ಕೂ ಬದುಕುಳಿದ ಕೋಶಗಳ ಸಂಖ್ಯೆಯನ್ನು ಜೊತೆಜೊತೆಗೆ ಬರೆಯದಿದ್ದರೆ, ಸಾಯುತ್ತಿರುವ ಕೋಶದ ಲಕ್ಷಣವನ್ನು ಔಷಧಿಯ ಗುಣವೆಂದು ತಿಳಿಯುವಿರಿ.

ಕಾಲೊನಿ ಎಣಿಕೆ

ಪೂರ್ವಜ ಕೋಶಗಳಲ್ಲಿ ತೊಡಕಿರುವ ರೋಗಗಳಿಗೆ, ಉಪಕರಣಗಳು ಕಡಿಮೆಯಿರುವ ಪ್ರಯೋಗಾಲಯದಲ್ಲೂ ಮಾಡಬಹುದಾದ ಅತ್ಯಂತ ಪ್ರಾಮಾಣಿಕ ಪರೀಕ್ಷೆ ಇದು ಎಂದು ನನ್ನ ಅಭಿಪ್ರಾಯ. 1960ರ ದಶಕದ ನಡುವಿನಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಕೋಶಗಳನ್ನು ಗಂಜಿಯಂತೆ ಮಂದವಾದ ಮೀಥೈಲ್ ಸೆಲ್ಯುಲೋಸ್ ಮೀಡಿಯಾದಲ್ಲಿ ಬಿತ್ತುತ್ತಾರೆ. ಒಂದು ಪೂರ್ವಜ ಕೋಶದ ಸಂತಾನವೆಲ್ಲ ಕದಲದೆ ಒಂದೇ ಕಡೆ ಗುಂಪಾಗುವುದರಿಂದ, ಗುಂಪುಗಳನ್ನು ಎಣಿಸಿದರೆ ಪೂರ್ವಜರನ್ನು ಎಣಿಸಿದಂತೆ. 35 ಮಿಲಿಮೀಟರಿನ ತಟ್ಟೆಗೆ 1.1 ಮಿಲಿಲೀಟರ್ ಮೀಡಿಯಾ ಬೇಕು. ಅದನ್ನು ಪಿಪೆಟ್‌ನಿಂದ ಅಳೆಯಲು ಹೋದರೆ ಅರ್ಧ ಒಳಗೋಡೆಗೇ ಅಂಟಿಕೊಳ್ಳುವುದರಿಂದ, ಮೊಂಡು ತುದಿಯ ದಪ್ಪ ಸೂಜಿ ಹಾಕಿದ ಸಿರಿಂಜನ್ನೇ ಬಳಸಬೇಕು. ಶುದ್ಧೀಕರಿಸಿದ ಸಿಡಿ-34 ಕೋಶಗಳಾದರೆ ತಟ್ಟೆಗೆ 500ರಿಂದ 1,000 ಸಾಕು. ತಟ್ಟೆಗಳ ನಡುವೆ ಮುಚ್ಚಳ ತೆಗೆದ ನೀರಿನ ತಟ್ಟೆಯೊಂದನ್ನು ಇರಿಸಿ. ಜೆಲ್ ಅಂಚಿನಲ್ಲಿ ಒಣಗಿದರೆ ಎಣಿಕೆ ಕೆಟ್ಟಂತೆಯೇ.

ಸಿಎಫ್‌ಯು-ಇ ಕಾಲೊನಿಗಳನ್ನು ಒಂದು ವಾರದ ಹೊತ್ತಿಗೆ, ಬಿಎಫ್‌ಯು-ಇ ಕಾಲೊನಿಗಳನ್ನು 14ನೆಯ ದಿನ ಎಣಿಸಬೇಕು. ಹಿಮೋಗ್ಲೋಬಿನ್ ತುಂಬಿದ ಬಿಎಫ್‌ಯು-ಇ ತುಕ್ಕಿನ ಕೆಂಪು ಬಣ್ಣದಿಂದ, ಹಲವು ಗೊಂಚಲುಗಳಾಗಿ ಕಾಣುತ್ತದೆ. ಒಮ್ಮೆ ಕಂಡವರು ಮತ್ತೆ ತಪ್ಪಿ ಗುರುತಿಸುವುದಿಲ್ಲ. ಎಣಿಸುವವರಿಗೆ ಯಾವ ತಟ್ಟೆ ರೋಗಿಯದು, ಯಾವುದು ಆರೋಗ್ಯವಂತರದು ಎಂದು ತಿಳಿಯದಂತೆ ಸಂಕೇತ ಸಂಖ್ಯೆ ಮಾತ್ರ ಬರೆದಿಡಿ. ಕೆಂಪು ಕಣಗಳನ್ನು ಬೆಳೆಸುವ ಹಾರ್ಮೋನಾದ ಎರಿತ್ರೋಪೊಯಿಟಿನ್ ಹಾಕದ ಒಂದು ಜೊತೆ ತಟ್ಟೆಯೂ ಇರಲಿ. ಸಾಮಾನ್ಯವಾಗಿ ಅಲ್ಲಿ ಕೆಂಪು ಕಾಲೊನಿ ಬೆಳೆಯಬಾರದು, ಕೆಂಪು ಕಣಗಳು ಅತಿಯಾಗುವ ಪಾಲಿಸೈಥೀಮಿಯಾ ವೇರಾ ರೋಗದಲ್ಲಿ ಬೆಳೆಯುತ್ತದೆ. ಅದರ ಹಿಂದಿನ ಜೆಎಕೆ-2 ರೂಪಾಂತರ 2005ರಲ್ಲಿ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ವೈದ್ಯರು ಈ ತಟ್ಟೆಗಳಲ್ಲಿ ಆ ರೋಗವನ್ನು ಗುರುತಿಸುತ್ತಿದ್ದರು.

ರೋಗಿಯ ರಕ್ತದಿಂದ ಕೆಂಪು ಕಣದವರೆಗೆ

ರಕ್ತ ತೆಗೆಯುವ ಮುನ್ನ ಅನುಮತಿ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹನಿಯನ್ನೂ ಮುಟ್ಟಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಜೈವಿಕ ವೈದ್ಯಕೀಯ ಸಂಶೋಧನೆಯ ಮಾರ್ಗಸೂಚಿ ಮತ್ತು ಕಾಂಡಕೋಶ ಸಂಶೋಧನೆಯ ಮಾರ್ಗಸೂಚಿ ಎರಡನ್ನೂ ಓದಿಕೊಂಡೇ ಅರ್ಜಿ ಬರೆಯಿರಿ. ಕಾಗದದ ಮೇಲಿನ ಒಪ್ಪಿಗೆ ಒಂದು, ಅರ್ಥವಾದ ಒಪ್ಪಿಗೆ ಇನ್ನೊಂದು. ಇಲ್ಲಿನ ಆದಿವಾಸಿಗಳಾದ ಯರವರಿಗೂ ಜೇನುಕುರುಬರಿಗೂ ತಮ್ಮದೇ ಮಾತುಗಳಿವೆ. ಅಚ್ಚಾದ ಕನ್ನಡ ನಮೂನೆಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸಮ್ಮತಿಯಲ್ಲ. ಹಾಡಿಯವರೇ ನಂಬುವ, ಅವರ ಮಾತು ಬಲ್ಲ ಆರೋಗ್ಯ ಕಾರ್ಯಕರ್ತೆಯ ಮೂಲಕ ವಿವರಿಸಬೇಕು. ಈ ರಕ್ತ ಚಿಕಿತ್ಸೆಗಾಗಿ ಅಲ್ಲ, ಅಧ್ಯಯನಕ್ಕಾಗಿ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಬೇಕು. ಅದರಿಂದ ಬಹುಕಾಲ ಬದುಕುವ ಕೋಶಸಾಲನ್ನು ತಯಾರಿಸುವ ಉದ್ದೇಶವಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಒಪ್ಪಿಗೆ ಕೇಳಬೇಕು. ರಕ್ತಹೀನತೆ ಇರುವವರಿಂದ ರಕ್ತ ಕೇಳುತ್ತಿದ್ದೇವೆಂಬುದನ್ನೂ ಮರೆಯಬಾರದು. ಬೇರೆ ಪರೀಕ್ಷೆಗೆ ಸೂಜಿ ಚುಚ್ಚುವ ದಿನವೇ 10 ಮಿಲಿಲೀಟರ್ ಪಡೆದರೆ ಸಾಕು, ಅದಕ್ಕಾಗಿ ಇನ್ನೊಮ್ಮೆ ಚುಚ್ಚುವುದು ಬೇಡ. ಹೋಲಿಕೆಯ ಕೋಶಗಳನ್ನು ರಕ್ತನಿಧಿಯಲ್ಲಿ ಬಳಕೆಯಾಗದೆ ಉಳಿಯುವ ಬಿಳಿಕಣಗಳ ಪದರದಿಂದ ಪಡೆಯಬಹುದು.

ರಕ್ತವನ್ನು 24 ಗಂಟೆಯೊಳಗೆ 1.077 ಸಾಂದ್ರತೆಯ ಫೈಕಾಲ್ ದ್ರಾವಣದ ಮೇಲೆ ಪದರವಾಗಿ ಎರೆದು, ಬ್ರೇಕ್ ಹಾಕದೆ ಸೆಂಟ್ರಿಫ್ಯೂಜ್ ಮಾಡಿ, ನಡುವಿನ ಮಂಜಿನಂಥ ಪದರವನ್ನು ತೆಗೆಯಬೇಕು. ಹೊರರಕ್ತದ ಈ ಏಕಕೇಂದ್ರ ಕೋಶಗಳಲ್ಲಿ ಸಿಡಿ-34 ಕೋಶಗಳು ಸಾವಿರಕ್ಕೊಂದರಂತೆ ಇರುತ್ತವೆ, ಹೊಕ್ಕುಳಬಳ್ಳಿಯ ರಕ್ತದಲ್ಲಿ ನೂರಕ್ಕೊಂದರಷ್ಟು. ಅಯಸ್ಕಾಂತದ ಮಣಿಗಳಿಂದ ಅವನ್ನು ಆರಿಸುವ ಕಿಟ್ ದುಬಾರಿ. ಆರಂಭದ ಪೂರ್ವಜ ಕೋಶಗಳೇ ಪ್ರಶ್ನೆಯ ತಿರುಳಾಗಿಲ್ಲದಿದ್ದರೆ, ಆರಿಸದೆಯೇ ಇಡೀ ಪದರವನ್ನು ಎರಿತ್ರೋಪೊಯಿಟಿನ್, ಎಸ್‌ಸಿಎಫ್ (ಪೂರ್ವಜ ಕೋಶಗಳನ್ನು ಬೆಳೆಸುವ ಪ್ರೋಟೀನ್), ಡೆಕ್ಸಾಮೆಥಸೋನ್ ಇರುವ ಮೀಡಿಯಾದಲ್ಲಿ ಬೆಳೆಸಿದರೂ ಎಂಟು ಹತ್ತು ದಿನಗಳಲ್ಲಿ ಲಿಂಫೊಸೈಟ್‌ಗಳು ಹಿಂದೆ ಸರಿದು ಎರಿತ್ರೋಬ್ಲಾಸ್ಟ್‌ಗಳು ಮೇಲುಗೈ ಪಡೆಯುತ್ತವೆ.

ಸಿಡಿ-34 ಕೋಶಗಳಿಂದ ಹೊರಡುವವರು ಮೂರು ಹಂತಗಳ ಕ್ರಮವನ್ನು ಅನುಸರಿಸಬಹುದು. ಐಎಂಡಿಎಂ ಮೀಡಿಯಾಕ್ಕೆ ಇನ್ಸುಲಿನ್, ಕಬ್ಬಿಣ ತುಂಬಿದ ಟ್ರಾನ್ಸ್‌ಫೆರಿನ್, ಹೆಪಾರಿನ್ ಮತ್ತು ಶೇ 5 ಮಾನವ ಪ್ಲಾಸ್ಮಾ ಸೇರಿಸಿದ್ದೇ ಬುನಾದಿ. ಮೊದಲ ಏಳು ದಿನ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಎಸ್‌ಸಿಎಫ್, 5 ನ್ಯಾನೊಗ್ರಾಂ ಇಂಟರ್‌ಲ್ಯೂಕಿನ್-3, 3 ಯೂನಿಟ್ ಎರಿತ್ರೋಪೊಯಿಟಿನ್. 7ರಿಂದ 11ನೆಯ ದಿನದವರೆಗೆ ಇಂಟರ್‌ಲ್ಯೂಕಿನ್ ಬಿಟ್ಟು ಉಳಿದೆರಡು. ಅಲ್ಲಿಂದ 18ನೆಯ ದಿನದವರೆಗೆ ಎರಿತ್ರೋಪೊಯಿಟಿನ್ ಮಾತ್ರ. ಹಿಮೋಗ್ಲೋಬಿನ್ ತಯಾರಿಕೆ ಜೋರಾಗುವ ಕೊನೆಯ ಹಂತದಲ್ಲಿ ಕಬ್ಬಿಣ ಸಾಲದೆ ಹೋದರೆ, ಔಷಧಿಯಿಂದಲೋ ರೋಗದಿಂದಲೋ ಬಂದಂತೆ ಕಾಣುವ ರಕ್ತಹೀನತೆಯನ್ನು ನಾವೇ ತಟ್ಟೆಯಲ್ಲಿ ಸೃಷ್ಟಿಸಿರುತ್ತೇವೆ. ಆದ್ದರಿಂದ ಹಲವರು ಈ ಹಂತದಲ್ಲಿ ಟ್ರಾನ್ಸ್‌ಫೆರಿನ್ ಪ್ರಮಾಣವನ್ನು ಮಿಲಿಲೀಟರಿಗೆ 1 ಮಿಲಿಗ್ರಾಂವರೆಗೆ ಏರಿಸುತ್ತಾರೆ.

ಎರಡು ಮೂರು ದಿನಗಳಿಗೊಮ್ಮೆ ಗಾಜಿನ ಪಟ್ಟಿಯ ಮೇಲೆ ಕೋಶಗಳನ್ನು ಹರಡಿ ಜೀಮ್ಸಾ ಬಣ್ಣ ಹಾಕಿ ನೋಡುವುದನ್ನು ಬಿಡಬೇಡಿ. ಫ್ಲೋ ಸೈಟೊಮೀಟರ್ ಲಭ್ಯವಿದ್ದರೆ, ಕೋಶದ ಮೇಲ್ಮೈಯ ಗುರುತುಗಳಲ್ಲಿ ಸಿಡಿ-71 ಏರಿ ಇಳಿಯುವುದನ್ನೂ ಗ್ಲೈಕೊಫೋರಿನ್-ಎ ಏರಿ ನಿಲ್ಲುವುದನ್ನೂ ಅಳೆಯಬಹುದು, ಆದರೆ ಕಣ್ಣಿಗೆ ಬಿದ್ದ ಕೋಶದ ಆಕಾರಕ್ಕೆ ಅದು ಪರ್ಯಾಯವಲ್ಲ. ರೋಗಿಯ ಕೋಶಗಳು ಕಡಿಮೆ ಎಂದು ಬರೆಯುವ ಮೊದಲು ಅವು ಕಡಿಮೆಯೋ, ಅಥವಾ ಎರಡು ದಿನ ಹಿಂದೆ ಇವೆಯೋ ನೋಡಬೇಕು. ಒಂದೇ ದಿನದ ಅಳತೆ ಈ ಎರಡನ್ನು ಬೇರ್ಪಡಿಸದು.

ಸಿಕಲ್ ಸೆಲ್ ಪ್ರಶ್ನೆಯಾದರೆ ಕೊನೆಯ ಹಂತದ ಕೋಶಗಳನ್ನು ಶೇ 2ರಷ್ಟು ಆಮ್ಲಜನಕದ ವಾತಾವರಣದಲ್ಲಿ ಇಟ್ಟು, ಅಥವಾ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಸೇರಿಸಿ, ಬಾಗಿದ ಕೋಶಗಳನ್ನು ಎಣಿಸುತ್ತಾರೆ. ಕೋಶಕೇಂದ್ರ ಹೊರಹೋಗದ ಕೋಶಗಳನ್ನು ಎಣಿಕೆಯಿಂದ ಬಿಡಬೇಕು. ಒಳಗೆ ಉಂಡೆಯಿರುವ ಚೀಲ ಸರಿಯಾಗಿ ಬಾಗದು. ಇದೇ ಕೋಶಗಳಿಂದ ಎಚ್‌ಪಿಎಲ್‌ಸಿ ಮೂಲಕ ಹಿಮೋಗ್ಲೋಬಿನ್ ಬಗೆಗಳ ಪಾಲನ್ನು ಅಳೆದು, ಗರ್ಭಸ್ಥ ಹಿಮೋಗ್ಲೋಬಿನ್ ಹೆಚ್ಚಿದಷ್ಟೂ ಬಾಗುವ ಕೋಶಗಳು ಕಡಿಮೆಯಾಗುತ್ತವೆಯೇ ಎಂದು ಒಟ್ಟಿಗೆ ಇಟ್ಟು ನೋಡಿ. ರೋಗಿಯ ಕೋಶ ಸಿಗದಿದ್ದಾಗ ಹ್ಯೂಡೆಪ್-2ರಲ್ಲಿ ಕ್ರಿಸ್ಪರ್‌ನಿಂದ ರೂಪಾಂತರವನ್ನು ಮೂಡಿಸಬಹುದಾದರೂ, ಅವುಗಳಲ್ಲಿ ಕೋಶಕೇಂದ್ರ ಹೊರಹಾಕುವ ಪ್ರಮಾಣ ಕಡಿಮೆ. ಜೀನ್ ತಿದ್ದಿದ ಒಂದೇ ತದ್ರೂಪು ಸಾಲನ್ನು ನಂಬದೆ, ಬೇರೆ ಬೇರೆ ಮಾರ್ಗದರ್ಶಿ ಆರ್‌ಎನ್‌ಎಗಳಿಂದ ಪಡೆದ ಕನಿಷ್ಠ ಎರಡು ಮೂರು ಸಾಲುಗಳನ್ನು ಹೋಲಿಸಬೇಕು.

ಎಣಿಕೆಯ ವಿಷಯದಲ್ಲಿ ಪರೀಕ್ಷಕರೂ ಗಮನಿಸದೆ ಬಿಡುವ ಒಂದು ತಪ್ಪನ್ನು ಹೇಳಲೇಬೇಕು. ಒಬ್ಬರ ರಕ್ತವನ್ನು ತಟ್ಟೆಯ ಮೂರು ಗುಳಿಗಳಲ್ಲಿ ಬೆಳೆಸಿದರೆ ಅದು ಒಬ್ಬರ ರಕ್ತವೇ, ಮೂವರದಲ್ಲ. ದಾನಿಯಿಂದ ದಾನಿಗೆ ಕೋಶಗಳ ಬೆಳವಣಿಗೆಯಲ್ಲಿ ಇರುವ ಅಂತರ ಎಷ್ಟೋ ಸಲ ಔಷಧಿಯ ಪರಿಣಾಮಕ್ಕಿಂತ ದೊಡ್ಡದು. ಬಳಸಿದ ಮಾನವ ರಕ್ತ, ಮೀಡಿಯಾ, ಪಿಪೆಟ್ ತುದಿಗಳೆಲ್ಲ ಸೋಂಕಿನ ಸಾಧ್ಯತೆಯ ವಸ್ತುಗಳೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಪ್ರತ್ಯೇಕಿಸಿ, ಸೋಂಕು ಕಳೆದೇ ಹೊರಕ್ಕೆ ಕಳಿಸಬೇಕು.

ಮಳೆ ಹಿಡಿಯುವ ಮುನ್ನ

ಮಳೆಗಾಲಕ್ಕೆ ಸೌದೆ ಒಟ್ಟುವಂತೆ ಕೋಶಗಳನ್ನೂ ಮೇ ತಿಂಗಳೊಳಗೆ ಹೆಪ್ಪುಗಟ್ಟಿಸಿ ಇಡಬೇಕು. ಚೆನ್ನಾಗಿ ಬೆಳೆಯುತ್ತಿರುವ ದಿನ, ಶೇ 10 ಡಿಎಂಎಸ್‌ಓ ಇರುವ ಸೀರಮ್‌ಭರಿತ ಮೀಡಿಯಾದಲ್ಲಿ ಸೀಸೆಗೆ 20ರಿಂದ 50 ಲಕ್ಷ ಕೋಶಗಳಂತೆ ತುಂಬಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಯುವ ಪೆಟ್ಟಿಗೆಯಲ್ಲಿ ಮೈನಸ್ 80ರ ಫ್ರೀಜರಿನೊಳಗೆ ಒಂದು ರಾತ್ರಿ ಇಟ್ಟು, ಮರುದಿನ ದ್ರವ ಸಾರಜನಕಕ್ಕೆ ವರ್ಗಾಯಿಸಿ. ದ್ರವ ಸಾರಜನಕದ ಕ್ಯಾನ್ ಅಂದರೆ ಏನೆಂದು ನಮ್ಮಲ್ಲಿ ಹಸು ಸಾಕಿದವರಿಗೆ ಹೇಳಬೇಕಾಗಿಲ್ಲ, ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ಕಡ್ಡಿಗಳು ಇರುವುದೂ ಅದರಲ್ಲೇ. ಮಟ್ಟವನ್ನು ವಾರಕ್ಕೊಮ್ಮೆ ಮರದ ಅಳತೆಕೋಲು ಇಳಿಸಿ, ಹೊರತೆಗೆದಾಗ ಹಿಮ ಎಲ್ಲಿಯವರೆಗೆ ಕಟ್ಟಿದೆಯೆಂದು ನೋಡಿ ಬರೆದಿಡಬೇಕು. ಟೊಳ್ಳು ಕೊಳವೆಯನ್ನು ಇಳಿಸಿದರೆ ದ್ರವ ಮೇಲಕ್ಕೆ ಚಿಮ್ಮಿ ಕೈ ಸುಡುತ್ತದೆ. ಜೀಪಿನಲ್ಲಿ ಕ್ಯಾನ್ ತರುವಾಗ ಎಷ್ಟೇ ಮಳೆಯಿದ್ದರೂ ಕಿಟಕಿ ತೆರೆದಿರಲಿ, ಆವಿಯಾದ ಸಾರಜನಕ ಮುಚ್ಚಿದ ವಾಹನದಲ್ಲಿ ಉಸಿರುಗಟ್ಟಿಸಬಲ್ಲದು.

2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡವರು ಒಂದೇ ಕ್ಯಾನಿನ ಮೇಲೆ ಭಾರ ಹಾಕುವುದಿಲ್ಲ. ಪ್ರತಿಯೊಂದು ಸಾಲಿನ ಅರ್ಧದಷ್ಟು ಸೀಸೆಗಳನ್ನು ಘಟ್ಟದ ಕೆಳಗಿನ ಅಥವಾ ಮೈಸೂರಿನ ಕಡೆಯ ಇನ್ನೊಂದು ಪ್ರಯೋಗಾಲಯದಲ್ಲಿ ಲಿಖಿತ ಒಪ್ಪಂದದೊಂದಿಗೆ ಇರಿಸಿ. ಸೀಸೆಯ ಮೇಲೆ ಸಾಲಿನ ಹೆಸರು, ಎಷ್ಟನೆಯ ಪೀಳಿಗೆ (ಪ್ಯಾಸೇಜ್), ದಿನಾಂಕ, ಮೈಕೋಪ್ಲಾಸ್ಮಾ ಪರೀಕ್ಷೆಯ ದಿನಾಂಕ ಇವಿಷ್ಟು ಅಳಿಸಲಾಗದ ಶಾಯಿಯಲ್ಲಿರಬೇಕು. ರೋಗಿಯ ಕೋಶವಾದರೆ ಹೆಸರಿಲ್ಲ, ಸಂಕೇತ ಸಂಖ್ಯೆ ಮಾತ್ರ. ಹೆಪ್ಪುಗಟ್ಟಿಸಿದ ಒಂದು ವಾರದ ಮೇಲೆ ಒಂದು ಸೀಸೆಯನ್ನು ಕರಗಿಸಿ, ಎಣಿಸಿ, ಮೂರು ದಿನ ಬೆಳೆಸಿ ನೋಡಿ. ಅದು ಚೆನ್ನಾಗಿ ಎದ್ದುಬಂದ ಮೇಲೆಯೇ ಇನ್‌ಕ್ಯುಬೇಟರಿನಲ್ಲಿರುವ ಹಳೆಯ ಫ್ಲಾಸ್ಕನ್ನು ಎಸೆಯಿರಿ.